ತಡವಾಗಿ ಬರುವ ಲಕ್ಷಕ್ಕಿಂತ ಸಕಾಲದ ಒಂದು ರೂಪಾಯಿ

(ಮೊಹಲ್ಲಾ ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಜುಮಾ ನಮಾಝ್ ಮುಗಿದ ಬಳಿಕ ಮಸೀದಿಯ ಬಾಗಿಲಲ್ಲಿ ನಡೆಯುವ ಧನಸಂಗ್ರಹ ನಮಗೆಲ್ಲರಿಗೂ ಪರಿಚಿತ. ಒಬ್ಬರ ಎರಡೂ ಕಿಡ್ನಿ ವಿಫಲವಾಗಿದೆ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಆಗಬೇಕು. ಇನ್ನೊಬ್ಬರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಮತ್ತೊಬ್ಬರ ಹೃದಯದ ಶಸ್ತ್ರಚಿಕಿತ್ಸೆಗೆ ಹಣ ಸಾಲದು. ಪತ್ರಿಕಾ ಕಚೇರಿಗೆ ಬರುವ ನೆರವಿನ ಮನವಿಗಳಲ್ಲಿಯೂ ಇವೇ ಕಾಯಿಲೆಗಳ ಹೆಸರುಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ನಮ್ಮ ಜನರು ಉದಾರಿಗಳು. ತಮ್ಮ ಜೇಬಿನಲ್ಲಿ ಇರುವುದು ಐವತ್ತೇ ರೂಪಾಯಿಯಾದರೂ ಅದರಲ್ಲಿ ಇಪ್ಪತ್ತನ್ನು ಆ ಬಟ್ಟೆಗೆ ಹಾಕಿ ಹೋಗುವವರಿದ್ದಾರೆ. ಈ ಔದಾರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇಂದು ನಾನು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ನಮ್ಮ ಸಹಾಯ ಯಾವಾಗಲೂ ರೋಗವು ತನ್ನ ಕೆಲಸವನ್ನು ಮುಗಿಸಿದ ಮೇಲೆಯೇ ತಲುಪುವುದೇಕೆ?

ಈ ಮನವಿಗಳಲ್ಲಿ ಕಾಣುವ ಅನೇಕ ರೋಗಗಳ ಹಿಂದೆ ಹತ್ತು ಹದಿನೈದು ವರ್ಷಗಳ ಕಾಲ ಸದ್ದಿಲ್ಲದೆ ನಡೆದ ಒಂದು ವಿದ್ಯಮಾನವಿರುತ್ತದೆ. ಅದು ಅಧಿಕ ರಕ್ತದೊತ್ತಡ. ನಾವು ಬಿ.ಪಿ. ಎನ್ನುತ್ತೇವೆ, ಹಿರಿಯರು ಪ್ರೆಷರ್ ಎನ್ನುತ್ತಾರೆ. ಅದಕ್ಕೆ ಸಕ್ಕರೆ ಕಾಯಿಲೆಯೂ ಜೊತೆಗೂಡಿದರೆ ಹಾನಿ ಇಮ್ಮಡಿಯಾಗುತ್ತದೆ.

ಶ್ರೀಮಂತರ ಕಾಯಿಲೆಯೇ?

ಬಿ.ಪಿ., ಶುಗರ್ ಎಂಬುವು ಕೂತು ಉಣ್ಣುವ ಶ್ರೀಮಂತರ ಕಾಯಿಲೆಗಳು, ದುಡಿದು ತಿನ್ನುವವನಿಗೆ ಅವು ಬಾರವು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಈ ನಂಬಿಕೆ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2024ರಲ್ಲಿ ಜಗತ್ತಿನ ಸುಮಾರು 140 ಕೋಟಿ ವಯಸ್ಕರಿಗೆ ಅಧಿಕ ರಕ್ತದೊತ್ತಡವಿತ್ತು. ಅವರಲ್ಲಿ ಅದನ್ನು ಹತೋಟಿಯಲ್ಲಿಟ್ಟುಕೊಂಡವರು ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇಂಥವರಲ್ಲಿ ಬಹುಪಾಲು ಜನರು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15 ವರ್ಷ ಮೀರಿದ ಪುರುಷರಲ್ಲಿ ಶೇ. 24 ಹಾಗೂ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ ರಕ್ತದೊತ್ತಡ ಅಧಿಕವಾಗಿತ್ತು ಅಥವಾ ಅವರು ಅದಕ್ಕೆ ಔಷಧ ಸೇವಿಸುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ನಾಲ್ಕರಲ್ಲಿ ಒಂದು. ಈ ಸಭೆಯಲ್ಲಿ ಕುಳಿತವರನ್ನು ನಾಲ್ಕು ನಾಲ್ಕಾಗಿ ಎಣಿಸಿ ನೋಡಿ, ಅದರ ಅರ್ಥ ತಿಳಿಯುತ್ತದೆ.

ಬಡತನ ಮತ್ತು ಹೃದ್ರೋಗದ ನಂಟು ಕೇವಲ ಊಹೆಯಲ್ಲ. 1967ರಲ್ಲಿ ಬ್ರಿಟನ್ನಿನ ಸರಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಎಂಬ ದೀರ್ಘಕಾಲದ ಪರಿಶೀಲನೆ ಆರಂಭವಾಯಿತು. ಅತ್ಯಂತ ಕೆಳದರ್ಜೆಯ ನೌಕರರಲ್ಲಿ ಹೃದಯ ರೋಗದ ಸಾವು ಉನ್ನತ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿರುವುದು ಅದರಿಂದ ತಿಳಿದುಬಂತು. ಧೂಮಪಾನ, ರಕ್ತದೊತ್ತಡ ಇತ್ಯಾದಿಗಳನ್ನೆಲ್ಲ ಲೆಕ್ಕ ಹಾಕಿದ ಮೇಲೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಕಡಿಮೆ ಸಂಬಳ, ಕೆಲಸದ ಮೇಲೆ ಹಿಡಿತವಿಲ್ಲದ ಸ್ಥಿತಿ, ನಾಳಿನ ಚಿಂತೆ ಇವೆಲ್ಲ ದೇಹದ ಮೇಲೆ ತಮ್ಮ ಗುರುತನ್ನು ಬಿಡುತ್ತವೆ. ತಿಂಗಳಿಗೊಮ್ಮೆ ಖಚಿತವಾದ ಸಂಬಳವಿದ್ದ ಸರಕಾರಿ ನೌಕರರ ನಡುವೆಯೇ ಇಷ್ಟು ಅಂತರವಿದ್ದರೆ, ದಿನಗೂಲಿಯನ್ನೇ ನಂಬಿದವರ ಪಾಡೇನು?

2006ರ ಸಾಚಾರ್ ಸಮಿತಿಯ ವರದಿಯನ್ನು ನಾವು ಶಿಕ್ಷಣ ಮತ್ತು ಉದ್ಯೋಗದ ದೃಷ್ಟಿಯಿಂದ ಮಾತ್ರ ಓದುತ್ತೇವೆ. ಅದನ್ನು ಆರೋಗ್ಯದ ಕಣ್ಣಿನಿಂದಲೂ ಓದಬೇಕಾಗಿದೆ. ಮುಸ್ಲಿಮ್ ದುಡಿಮೆಗಾರರಲ್ಲಿ ಶೇ. 61ರಷ್ಟು ಮಂದಿ ಸ್ವಂತ ದುಡಿಮೆಯನ್ನು ಅವಲಂಬಿಸಿದವರು ಎಂದು ಅದು ಹೇಳಿತು. ಸ್ವಂತ ದುಡಿಮೆ ಎಂದರೆ ನಮ್ಮಲ್ಲಿ ಬಹುತೇಕ ತಳ್ಳುಗಾಡಿ, ಗುಜರಿ, ಆಟೋರಿಕ್ಷಾ, ಮೀನು ಮಾರಾಟ, ಹೊಲಿಗೆ, ಬೀಡಿ. ಇವರಿಗೆ ರಜೆಯಿಲ್ಲ. ಆಸ್ಪತ್ರೆಯ ಸರದಿಯಲ್ಲಿ ಅರ್ಧ ದಿನ ನಿಂತರೆ ಅರ್ಧ ದಿನದ ಗಳಿಕೆ ಹೋಯಿತು. ಮಾತ್ರೆ ಉಚಿತವೆಂದರೂ ಆ ಅರ್ಧ ದಿನದ ಗಳಿಕೆ ಅದರ ಬೆಲೆಯಾಗುತ್ತದೆ.

ನಮ್ಮ ಬೀಡಿ ಕಟ್ಟುವ ಸಹೋದರಿಯರನ್ನೇ ನೋಡಿ. ಬೆಳಗಿನಿಂದ ಸಂಜೆಯವರೆಗೆ ಮೊರವನ್ನು ತೊಡೆಯ ಮೇಲಿಟ್ಟು ಬಾಗಿ ಕುಳಿತಿರುತ್ತಾರೆ. ದೇಹಕ್ಕೆ ವ್ಯಾಯಾಮವಿಲ್ಲ, ಮೂಗಿಗೆ ತಂಬಾಕಿನ ಧೂಳು. ಸಂಜೆ ಸೊಂಟನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗುತ್ತಾರೆ. ಈ ನೋವಿನ ಮಾತ್ರೆಗಳಲ್ಲಿ ಹಲವು ರಕ್ತದೊತ್ತಡವನ್ನು ಏರಿಸುತ್ತವೆ, ದೀರ್ಘಕಾಲ ಸೇವಿಸಿದರೆ ಕಿಡ್ನಿಯನ್ನು ಕೆಡಿಸುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಊಟಕ್ಕೆ ಗಂಜಿ, ಅದರೊಂದಿಗೆ ಒಣಮೀನು, ಉಪ್ಪಿನಕಾಯಿ. ಕಡಿಮೆ ಖರ್ಚಿನಲ್ಲಿ ಊಟಕ್ಕೆ ರುಚಿ ಕೊಡುವುದು ಉಪ್ಪೇ. ದಿನಕ್ಕೆ 5 ಗ್ರಾಮ್, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯರು ಸರಾಸರಿ 8 ಗ್ರಾಮ್ ಅಥವಾ ಅದಕ್ಕಿಂತ ಹೆಚ್ಚು ತಿನ್ನುತ್ತಿದ್ದಾರೆ.

ನೋವಿಲ್ಲದ ರೋಗ

ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತವು ನಾಳಗಳ ಗೋಡೆಯನ್ನು ಒತ್ತುತ್ತದೆ. ಈ ಒತ್ತಡವು ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಒತ್ತಡ ಹೆಚ್ಚಿದಾಗ ನಾಳದ ಗೋಡೆಗಳು ಗಡುಸಾಗುತ್ತವೆ, ಹೃದಯದ ಸ್ನಾಯು ದಪ್ಪವಾಗುತ್ತದೆ. ಒಂದೊಂದು ಕಿಡ್ನಿಯಲ್ಲಿರುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮೆದುಳಿನ ನಾಳ ಒಂದು ದಿನ ಒಡೆಯುತ್ತದೆ ಅಥವಾ ಕಟ್ಟಿಕೊಳ್ಳುತ್ತದೆ.

ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಜ್ವರವಿಲ್ಲ. ತಲೆಸುತ್ತು ಬಂದರೆ ಮಾತ್ರ ಬಿ.ಪಿ. ಇದೆ, ಬಾರದಿದ್ದರೆ ಇಲ್ಲ ಎಂದು ತಿಳಿಯುವುದು ತಪ್ಪು. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಕಾಣಿಸದು. ಅಳೆಯದೆ ತಿಳಿಯುವ ಮಾರ್ಗವೇ ಇಲ್ಲ.

ಈ ರೋಗಕ್ಕೆ ಔಷಧವಿಲ್ಲದ ಕಾಲವೊಂದಿತ್ತು. ಅದನ್ನು ನೆನಪಿಸಿದರೆ ಇಂದು ನಮಗೆ ದೊರೆತಿರುವ ಅನುಗ್ರಹದ ಬೆಲೆ ಅರಿವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಗತ್ತಿನ ಅತ್ಯಂತ ಪ್ರಬಲ ವ್ಯಕ್ತಿಗಳಲ್ಲೊಬ್ಬರು. ಅವರ ಬಳಿ ಸೈನ್ಯವಿತ್ತು, ಸಂಪತ್ತಿತ್ತು, ಶ್ರೇಷ್ಠ ವೈದ್ಯರಿದ್ದರು. ಆದರೆ ರಕ್ತದೊತ್ತಡವನ್ನು ಇಳಿಸುವ ಸುರಕ್ಷಿತವಾದ ಒಂದು ಮಾತ್ರೆ ಇರಲಿಲ್ಲ. 1945ರ ಏಪ್ರಿಲ್ 12ರಂದು ಅವರ ರಕ್ತದೊತ್ತಡ 300/190ಕ್ಕೆ ಏರಿ, ಮೆದುಳಿನ ರಕ್ತಸ್ರಾವದಿಂದ ಅವರು ಮೃತಪಟ್ಟರು. 1948ರಲ್ಲಿ ಅಮೇರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಹೃದಯ ರೋಗದ ಕಾರಣಗಳನ್ನು ಅರಸುವ ದೀರ್ಘ ಅಧ್ಯಯನ ಆರಂಭವಾಯಿತು. 1958ರ ಸುಮಾರಿಗೆ ಸುಲಭವಾಗಿ ಸೇವಿಸಬಹುದಾದ ಮಾತ್ರೆ ಬಳಕೆಗೆ ಬಂತು. ಇಂದು ಆ ಅಧ್ಯಕ್ಷರಿಗೆ ಸಿಗದಿದ್ದ ಔಷಧ ಜನೌಷಧಿ ಕೇಂದ್ರಗಳಲ್ಲಿ ಮಾತ್ರೆಯೊಂದಕ್ಕೆ ಒಂದು ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಮೇಲಿನ ಒತ್ತಡವನ್ನು 10 ಅಂಶಗಳಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ.

ಹಾಗಾದರೆ ಔಷಧವಿದ್ದೂ ನಮ್ಮವರು ಬೀಳುತ್ತಿರುವುದೇಕೆ? ಅಳೆಯದಿರುವುದು ಒಂದು ಕಾರಣ. ಅಳೆದು ತಿಳಿದ ಮೇಲೂ ಮಾತ್ರೆಯನ್ನು ನಡುವೆ ನಿಲ್ಲಿಸುವುದು ಎರಡನೆಯ ಕಾರಣ. ಈ ಎರಡನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಮಾತಾಡಬೇಕಾಗಿದೆ, ಏಕೆಂದರೆ ಇಲ್ಲಿ ಧರ್ಮದ ಹೆಸರೂ ಬಳಕೆಯಾಗುತ್ತಿದೆ.

ಮಾತ್ರೆ ಬಿಡುವುದು ತವಕ್ಕುಲ್ ಅಲ್ಲ

ಒಂದು ತಿಂಗಳು ಮಾತ್ರೆ ತಿಂದು ಬಿ.ಪಿ. ಸರಿಯಾದೊಡನೆ ‘ಗುಣವಾಯಿತು’ ಎಂದು ಬಿಡುವವರಿದ್ದಾರೆ. ಅದು ಗುಣವಾಗಿರುವುದಿಲ್ಲ, ಮಾತ್ರೆಯು ಅದನ್ನು ಹಿಡಿದಿಟ್ಟಿರುತ್ತದೆ. ಒಮ್ಮೆ ಆರಂಭಿಸಿದರೆ ಜೀವನಪೂರ್ತಿ ತಿನ್ನಬೇಕು, ಆದ್ದರಿಂದ ಆರಂಭಿಸುವುದೇ ಬೇಡ ಎನ್ನುವವರಿದ್ದಾರೆ. ಕನ್ನಡಕ ಒಮ್ಮೆ ಹಾಕಿದರೆ ಸದಾ ಹಾಕಬೇಕಾಗುತ್ತದೆಂದು ಯಾರಾದರೂ ಕುರುಡಾಗಿ ನಡೆಯುತ್ತಾರೆಯೇ? ಹಿಜಾಮಾ ಮಾಡಿಸಿಕೊಂಡೆ, ಇನ್ನು ಮಾತ್ರೆ ಬೇಡ ಎನ್ನುವವರಿದ್ದಾರೆ. ಮಂತ್ರಿಸಿದ ನೀರನ್ನೂ ವಾಟ್ಸಾಪ್‌ನಲ್ಲಿ ಬಂದ ಪುಡಿಯನ್ನೂ ನಂಬಿ ವೈದ್ಯರ ಚೀಟಿಯನ್ನು ಹರಿದು ಹಾಕಿದವರಿದ್ದಾರೆ. ಕೇಳಿದರೆ, ಎಲ್ಲವೂ ಅಲ್ಲಾಹನ ವಿಧಿ ಎಂಬ ಉತ್ತರ.

ವಿಧಿಯಲ್ಲಿ ನಂಬಿಕೆ ಈಮಾನಿನ ಭಾಗ. ಆದರೆ ಚಿಕಿತ್ಸೆಯೂ ಆ ವಿಧಿಯೊಳಗಿನದೇ. ರೋಗವನ್ನು ಇಟ್ಟ ಅಲ್ಲಾಹನೇ ಔಷಧವನ್ನೂ ಇಟ್ಟಿದ್ದಾನೆಂದೂ ಚಿಕಿತ್ಸೆ ಪಡೆಯಬೇಕೆಂದೂ ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಟ್ಟೆ ಎನ್ನುವುದನ್ನು ಅವರು ಒಪ್ಪಲಿಲ್ಲ. ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬುದು ಅವರ ಶಿಕ್ಷಣದ ಸಾರ. ಹೊಟ್ಟೆಯನ್ನು ಪೂರ್ತಿ ತುಂಬಿಸದೆ, ಒಂದು ಭಾಗವನ್ನು ಉಸಿರಾಟಕ್ಕೆ ಬಿಡಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳು ನಾವು. ಮದುವೆಯ ಔತಣಗಳಲ್ಲಿ ಈ ಶಿಕ್ಷಣ ಎಲ್ಲಿ ಹೋಗುತ್ತದೆ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಇನ್ನೊಂದು ಬೋಧನೆ ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತದೆ. ಅಲ್ಪವಾಗಿದ್ದರೂ ನಿರಂತರವಾಗಿ ನಡೆಯುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಬಿ.ಪಿ.ಯ ಚಿಕಿತ್ಸೆಯ ಗುಟ್ಟೂ ಇಷ್ಟೇ. ಸಣ್ಣ ಮಾತ್ರೆ, ಸಣ್ಣ ಪ್ರಮಾಣದಲ್ಲಿ ಉಪ್ಪಿನ ಕಡಿತ, ದಿನಕ್ಕೆ ಅರ್ಧ ಗಂಟೆಯ ನಡಿಗೆ. ಆದರೆ ನಿತ್ಯ.

ರಮಝಾನ್ ತಿಂಗಳಲ್ಲಿ ಮಾತ್ರೆ ನಿಲ್ಲಿಸುವ ಅಭ್ಯಾಸದ ಬಗ್ಗೆಯೂ ಎಚ್ಚರಿಕೆ ಬೇಕು. ಬಿ.ಪಿ.ಯ ಬಹಳಷ್ಟು ಮಾತ್ರೆಗಳು ದಿನಕ್ಕೊಮ್ಮೆ ಸೇವಿಸುವಂಥವು. ಸಹರಿ ಅಥವಾ ಇಫ್ತಾರಿನ ವೇಳೆಗೆ ಅವನ್ನು ಹೊಂದಿಸಿಕೊಳ್ಳಬಹುದು. ಉಪವಾಸ ಆರಂಭವಾಗುವ ಕೆಲವು ವಾರಗಳ ಮೊದಲೇ ವೈದ್ಯರನ್ನು ಕೇಳಿ ವೇಳೆ ಬದಲಾಯಿಸಿಕೊಳ್ಳಿ. ಕಿಡ್ನಿ ಅಥವಾ ಹೃದಯ ದುರ್ಬಲವಾಗಿದ್ದು ಉಪವಾಸ ಬೇಡವೆಂದು ವೈದ್ಯರು ಹೇಳಿದರೆ, ರೋಗಿಗೆ ವಿನಾಯಿತಿ ನೀಡಿದ್ದು ಪವಿತ್ರ ಕುರ್‌ಆನ್ ಎಂಬುದನ್ನು ನೆನಪಿಡಿ. ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ಸ್ವೀಕರಿಸಲು ಸಂಕೋಚಪಡಬೇಕಾಗಿಲ್ಲ.

ಸರಕಾರದ ಹೊಣೆ

ವ್ಯಕ್ತಿಯ ಅಲಕ್ಷ್ಯವೊಂದನ್ನೇ ದೂಷಿಸಿದರೆ ಮಾತು ಅಪೂರ್ಣವಾಗುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಆರೋಗ್ಯಕ್ಕಾಗಿ ಸರಕಾರ ಮಾಡುವ ವೆಚ್ಚವನ್ನು 2025ರೊಳಗೆ ದೇಶದ ಒಟ್ಟು ಉತ್ಪನ್ನದ ಶೇ. 2.5ಕ್ಕೆ ಏರಿಸುವುದಾಗಿ ವಾಗ್ದಾನ ಮಾಡಿತ್ತು. 2025 ಕಳೆದುಹೋಯಿತು, ಗುರಿ ತಲುಪಲಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದು ಒಳ್ಳೆಯದೇ. ಆದರೆ ಆ ಕಾರ್ಡ್ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ. ಔಷಧದಂಗಡಿಯಲ್ಲಿ ತಿಂಗಳು ತಿಂಗಳು ಕೊಳ್ಳುವ ಮಾತ್ರೆಗೆ ಅದು ಹಣ ಕೊಡದು. ಹೃದಯ ಕೈಕೊಟ್ಟ ಮೇಲೆ ಲಕ್ಷಗಳು, ಕೈಕೊಡದಂತೆ ನೋಡಿಕೊಳ್ಳಲು ರೂಪಾಯಿಯೂ ಇಲ್ಲ. ಮಸೀದಿ ಬಾಗಿಲಿನ ನಮ್ಮ ಧನಸಂಗ್ರಹಕ್ಕೂ ಸರಕಾರದ ಈ ಯೋಜನೆಗೂ ಇರುವ ದೌರ್ಬಲ್ಯ ಒಂದೇ. ಎರಡೂ ತಡವಾಗಿ ಬರುತ್ತವೆ.

ದಾರಿ ಇಲ್ಲವೆಂದಲ್ಲ. 2017ರಲ್ಲಿ ಕೇರಳ, ಪಂಜಾಬ್ ಮುಂತಾದ ಐದು ರಾಜ್ಯಗಳಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವು ಸರಳ ಕ್ರಮಗಳನ್ನು ಅನುಸರಿಸಿತು. ಎಲ್ಲ ಕೇಂದ್ರಗಳಲ್ಲೂ ಒಂದೇ ಬಗೆಯ ಔಷಧಕ್ರಮ, ಒಮ್ಮೆಗೆ 30 ದಿನಗಳ ಮಾತ್ರೆ, ದಾದಿಯರಿಂದಲೇ ತಪಾಸಣೆ, ಬಾರದವರಿಗೆ ನೆನಪಿಸುವ ಕರೆ. ನಮ್ಮ ರಾಜ್ಯದಲ್ಲಿ 2022ರ ಡಿಸೆಂಬರ್‌ನಿಂದ ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳು ತೆರೆದಿವೆ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಎಂಬ ಮನೆಮನೆ ತಪಾಸಣೆಯ ಯೋಜನೆ ಆರಂಭವಾಗಿದೆ. ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಕೊಳೆಗೇರಿ ಮತ್ತು ಮೊಹಲ್ಲಾಗಳ ಕ್ಲಿನಿಕ್‌ಗಳು ದುಡಿಯುವವನಿಗೆ ಬಿಡುವಾಗುವ ಸಂಜೆಯ ಹೊತ್ತಿಗೂ ತೆರೆದಿರಲಿ. ವಾರಕ್ಕೊಮ್ಮೆ ಅಲೆಸದೆ ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಲಿ. ದಾಸ್ತಾನು ಮುಗಿಯಿತೆಂಬ ಮಾತು ಕೇಳಿಬರದಿರಲಿ. ಮತ ಕೇಳಲು ಬರುವವರೊಡನೆ ನಾವು ಕಬರಸ್ಥಾನದ ಆವರಣ ಗೋಡೆಯ ಬಗ್ಗೆ ಮಾತಾಡುತ್ತೇವೆ. ಆ ಕಬರಸ್ಥಾನಕ್ಕೆ ಜನರು ಅಕಾಲದಲ್ಲಿ ಹೋಗದಂತೆ ತಡೆಯುವ ಬಗ್ಗೆಯೂ ಮಾತಾಡೋಣ.

ನಮ್ಮ ಹೊಣೆ

ಸರಕಾರವನ್ನು ಕೇಳುತ್ತಲೇ ನಾವೂ ಮಾಡಬೇಕಾದದ್ದಿದೆ. ಆರೋಗ್ಯವನ್ನು ಸಮುದಾಯದ ಹೊಣೆಯಾಗಿ ಕಂಡ ಪರಂಪರೆ ನಮ್ಮದು. 1284ರಲ್ಲಿ ಈಜಿಪ್ತಿನ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯಿತು. ರಕ್ತವು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಮರಳುವ ಬಗೆಯನ್ನು ವಿವರಿಸಿದ ವೈದ್ಯ ಇಬ್ನುನ್ನಫೀಸ್ ಅದೇ ಕಾಲದಲ್ಲಿ ಅದೇ ನಗರದಲ್ಲಿದ್ದವರು. ಈ ಹೆಸರುಗಳನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ನಮ್ಮ ಮೊಹಲ್ಲಾದಲ್ಲಿ ಒಂದು ಬಿ.ಪಿ. ಯಂತ್ರವನ್ನಾದರೂ ಇಟ್ಟಿದ್ದೇವೆಯೇ?

ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಫೋಟೋ ತೆಗೆಸುವ ಶಿಬಿರಗಳಿಂದ ಬಿ.ಪಿ. ಹತೋಟಿಗೆ ಬಾರದು. ಶಿಬಿರದಲ್ಲಿ 180 ಎಂದು ತಿಳಿದವನು ಮರುತಿಂಗಳು ಮಾತ್ರೆ ತಿನ್ನುತ್ತಿದ್ದಾನೆಯೇ ಎಂದು ವಿಚಾರಿಸುವವರು ಬೇಕು. ಆದ್ದರಿಂದ ನಾನು ಮೂರು ಸಲಹೆಗಳನ್ನಿಡುತ್ತೇನೆ.

ಒಂದು: ಪ್ರತಿ ತಿಂಗಳ ಮೊದಲ ಜುಮಾ ದಿನ ಮಸೀದಿಯ ಆವರಣದಲ್ಲಿ 30 ವರ್ಷ ಮೀರಿದ ಎಲ್ಲರ ಬಿ.ಪಿ. ಅಳೆಯುವ ವ್ಯವಸ್ಥೆಯಾಗಲಿ. ಮಹಿಳೆಯರಿಗೆ ಮದ್ರಸಾ ಕಟ್ಟಡದಲ್ಲಿ, ಆಶಾ ಕಾರ್ಯಕರ್ತೆಯರ ನೆರವಿನಿಂದ ಪ್ರತ್ಯೇಕ ದಿನವಿರಲಿ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಆಗಷ್ಟೇ ಚಹಾ ಕುಡಿದು, ಬೀಡಿ ಸೇದಿ ಬಂದವರು ಅರ್ಧ ಗಂಟೆ ಕಾಯಬೇಕು. ಕೈಯನ್ನು ಮೇಜಿನ ಮೇಲಿಟ್ಟಿರಬೇಕು. ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ, ಇನ್ನೊಂದು ದಿನ ಮತ್ತೆ ಅಳೆಯಬೇಕು. ಗರ್ಭಿಣಿಯರಲ್ಲಿ ಹೆಚ್ಚು ಕಂಡರೆ ಅಥವಾ ಯಾರಲ್ಲಾದರೂ 180/120 ದಾಟಿದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಕಳುಹಿಸಬೇಕು.

ಎರಡು: ಜಮಾಅತಿನ ಬೈತುಲ್ ಮಾಲಿನಲ್ಲಿ ಔಷಧಕ್ಕಾಗಿ ಒಂದು ಪಾಲನ್ನು ಮೀಸಲಿಡಲಿ. ಸರಕಾರಿ ಕೇಂದ್ರದಲ್ಲಿ ಮಾತ್ರೆ ಸಿಗದ ತಿಂಗಳು ಬಡ ರೋಗಿಯ ಮಾತ್ರೆ ತಪ್ಪಬಾರದು. ಝಕಾತಿಗೆ ಅರ್ಹನಾದ ಬಡವನಿಗೆ ಮಾತ್ರೆ ಕೊಡಿಸುವುದು ಅವನನ್ನೂ ಅವನ ಮಕ್ಕಳನ್ನೂ ಮುಂದಿನ ಭಿಕ್ಷೆಯಿಂದ ರಕ್ಷಿಸುವುದಾಗಿದೆ. ವರ್ಷಕ್ಕೆ ಕೆಲವು ನೂರು ರೂಪಾಯಿ. ಇದಕ್ಕೆ ಪ್ರತಿಯಾಗಿ ಡಯಾಲಿಸಿಸ್‌ನ ವೆಚ್ಚವನ್ನು ಯೋಚಿಸಿ. 2016ರಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತವಾಗಿದೆ, ನಿಜ. ಆದರೆ ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗುವವನು ದುಡಿಯುವುದು ಯಾವಾಗ? ಅವನೊಂದಿಗೆ ಹೋಗುವ ಮಗಳು ಶಾಲೆಗೆ ಹೋಗುವುದು ಯಾವಾಗ?

ಮೂರು: ಖತೀಬರು ವರ್ಷಕ್ಕೆ ಎರಡು ಖುತ್ಬಾಗಳನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ದೇಹವು ಅಲ್ಲಾಹನ ಅಮಾನತ್ ಎಂದು ಹೇಳುವವರು ಆ ಅಮಾನತ್ತಿನ ರಕ್ಷಣೆಯ ವಿಧಾನವನ್ನೂ ಹೇಳಲಿ. ಮಿಂಬರಿನಿಂದ ಬಂದ ಒಂದು ಮಾತು ಹತ್ತು ಕರಪತ್ರಗಳಿಗಿಂತ ಹೆಚ್ಚು ಮನೆಗಳನ್ನು ತಲುಪುತ್ತದೆ. ಮನೆಗಳಲ್ಲಿ ನಮ್ಮ ತಾಯಂದಿರು ಊಟದ ಹಾಸಿನಿಂದ ಉಪ್ಪಿನ ಬಟ್ಟಲನ್ನು ತೆಗೆದಿಡಲಿ. ಪುರುಷರು ಬೀಡಿ ಸಿಗರೇಟನ್ನು ಬಿಡಲಿ. ಮಕ್ಕಳು ತಮ್ಮ ತಂದೆ ತಾಯಿಗೆ ದಿನವೂ ಒಂದು ಪ್ರಶ್ನೆ ಕೇಳಲಿ: ಇವತ್ತಿನ ಮಾತ್ರೆ ತಗೊಂಡಿರಾ?

ಸಮುದಾಯದಲ್ಲಿ ಕೆಲವರಾದರೂ ಮಾಡಲೇಬೇಕಾದ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರಾಗುವ ಕೆಲಸಕ್ಕೆ ಫರ್ಝ್ ಕಿಫಾಯ ಎನ್ನುತ್ತೇವೆ. ಮಯ್ಯಿತ್ ನಮಾಝ್ ಅದಕ್ಕೆ ಪ್ರಸಿದ್ಧ ಉದಾಹರಣೆ. ಆ ನಮಾಝಿಗೆ ನಾವು ಕೆಲಸ ಬಿಟ್ಟು ಓಡಿ ಬರುತ್ತೇವೆ, ಸಾಲು ಸಾಲಾಗಿ ನಿಲ್ಲುತ್ತೇವೆ. ಜೀವಂತವಿರುವ ಸಹೋದರನ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತಲು ಅದೇ ಆಸಕ್ತಿಯಿಂದ ನಾಲ್ಕು ಮಂದಿ ಯುವಕರು ಮುಂದೆ ಬರಲಿ. ಇದೇ ಸಭೆಯಲ್ಲಿ ಅವರ ಹೆಸರುಗಳನ್ನು ಬರೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಒಂದು ಯಂತ್ರ, ಒಂದು ನೋಂದಣಿ ಪುಸ್ತಕ, ನಾಲ್ಕು ಮಂದಿ ಯುವಕರು ಸಾಕು. ಮುಂದಿನ ಜುಮಾದಿಂದಲೇ ಇದನ್ನು ಆರಂಭಿಸಬಹುದು.

ಅಲ್ಪವಾದರೂ ನಿರಂತರವಾಗಿ ನಡೆಯುವ ಸತ್ಕರ್ಮಕ್ಕೆ ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹ ನೀಡಲಿ. ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.